ಬ್ರೇಕ್ ಡಿಸ್ಕಿನ ತುಕ್ಕು

ಡಿಸ್ಕ್ ಬ್ರೇಕಿನಲ್ಲಿ ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ಬಿಲ್ಲೆಯು ನೀರು ಮತ್ತು ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿದಾಗ ಅದರ ಮೇಲ್ಮೈಯಲ್ಲಿ ಬೆಳೆಯುವ ಕಬ್ಬಿಣದ ಆಕ್ಸೈಡ್ ಹಾಗೂ ಹೈಡ್ರಾಕ್ಸೈಡ್‌ಗಳ ಪದರವೇ ಬ್ರೇಕ್ ಡಿಸ್ಕಿನ ತುಕ್ಕು. ಎರಕದ ಕಬ್ಬಿಣದ ಡಿಸ್ಕ್ ಇರುವ ಎಲ್ಲ ಕಾರು, ಜೀಪು, ವ್ಯಾನುಗಳಲ್ಲೂ ಇದು ಕಾಣಿಸಿಕೊಳ್ಳುತ್ತದೆ. ಒಂದು ರಾತ್ರಿಯ ಮಳೆಗೆ ಬರುವ ಕಿತ್ತಳೆ ಬಣ್ಣದ ತೆಳು ಪದರ ನಾಲ್ಕಾರು ಸಲ ಬ್ರೇಕು ಒತ್ತಿದರೆ ಅಳಿದುಹೋಗುತ್ತದೆ, ಅದರಿಂದ ಅಪಾಯವಿಲ್ಲ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಅದೇ ತುಕ್ಕು ಲೋಹದೊಳಗೆ ಕುಳಿ ತೋಡಿ ಬ್ರೇಕಿನ ಹಿಡಿತವನ್ನು ಕುಗ್ಗಿಸಬಲ್ಲದು. ಇವೆರಡನ್ನೂ ಬಣ್ಣ ನೋಡಿ ಬೇರ್ಪಡಿಸಲಾಗದು. ತುಕ್ಕು ಡಿಸ್ಕಿನ ಯಾವ ಭಾಗದಲ್ಲಿದೆ, ಬ್ರೇಕು ಹಾಕಿದ ಮೇಲೂ ಉಳಿಯುತ್ತದೆಯೇ ಎಂಬ ಎರಡು ಸಂಗತಿಗಳೇ ಅದರ ಗಂಭೀರತೆಯನ್ನು ತಿಳಿಸುತ್ತವೆ.

ಈ ಬಿಲ್ಲೆಗೆ ಡಿಸ್ಕ್, ರೋಟರ್ ಎಂಬ ಎರಡು ಹೆಸರುಗಳೂ ಬಳಕೆಯಲ್ಲಿವೆ. ಈ ಲೇಖನದಲ್ಲಿ ಡಿಸ್ಕ್ ಎಂಬುದನ್ನೇ ಬಳಸಿದೆ. ಪ್ಯಾಡುಗಳು ಒತ್ತಿ ಉಜ್ಜುವ ನುಣುಪಾದ ಎರಡು ಬದಿಗಳನ್ನು ಉಜ್ಜುಮುಖ ಎಂದೂ, ಚಕ್ರದ ಹಬ್ಬಿಗೆ ಕೂರುವ ನಡುವಿನ ಉಬ್ಬಿದ ಭಾಗವನ್ನು ಟೋಪಿ ಎಂದೂ, ಎರಡು ಉಜ್ಜುಮುಖಗಳ ನಡುವೆ ಗಾಳಿಯಾಡುವ ಸಂದುಗಳನ್ನು ಗಾಳಿಕಿಂಡಿ ಎಂದೂ ಕರೆಯಲಾಗಿದೆ.

ಹಿನ್ನೆಲೆ

ಡಿಸ್ಕ್ ಬ್ರೇಕಿನ ಮೊದಲ ಪೇಟೆಂಟುಗಳಲ್ಲಿ ಒಂದನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಪಡೆದರು. ಅವರ ವಿನ್ಯಾಸದಲ್ಲಿ ತೆಳುವಾದ ಲೋಹದ ಬಿಲ್ಲೆಯನ್ನು ತಾಮ್ರದ ಪ್ಯಾಡುಗಳು ಹಿಡಿಯುತ್ತಿದ್ದವು. ಕರ್ಕಶ ಸದ್ದು ಮತ್ತು ಬೇಗ ಸವೆಯುವ ಪ್ಯಾಡು ಅದರ ದೋಷಗಳಾಗಿದ್ದವು. ಮುಂದಿನ ಐದು ದಶಕಗಳಲ್ಲಿ ರಸ್ತೆಯ ಕಾರುಗಳಲ್ಲಿ ಡ್ರಮ್ ಬ್ರೇಕಿನದೇ ಪ್ರಾಬಲ್ಯವಿತ್ತು. 1953ರ ಲ ಮಾನ್ 24 ಗಂಟೆಗಳ ಓಟವನ್ನು ಡನ್‌ಲಪ್ ಡಿಸ್ಕ್ ಬ್ರೇಕಿದ್ದ ಜಾಗ್ವಾರ್ ಸಿ-ಟೈಪ್ ಗೆದ್ದದ್ದು, 1955ರಲ್ಲಿ ಸಿತ್ರೊಯೆನ್ ಡಿಎಸ್ ಕಾರು ಮುಂದಿನ ಚಕ್ರಗಳಿಗೆ ಡಿಸ್ಕನ್ನು ಅಳವಡಿಸಿಕೊಂಡು ಮಾರುಕಟ್ಟೆಗೆ ಬಂದದ್ದು ಈ ಬ್ರೇಕಿನ ಹರಡಿಕೆಗೆ ದಾರಿ ಮಾಡಿಕೊಟ್ಟವು. ಬೈಕುಗಳಲ್ಲಿ 1969ರ ಹೋಂಡಾ ಸಿಬಿ 750 ಇದನ್ನು ಜನಪ್ರಿಯಗೊಳಿಸಿತು.

ಡ್ರಮ್ ಬ್ರೇಕಿನಲ್ಲೂ ತುಕ್ಕು ಬರುತ್ತದೆ, ಆದರೆ ಅದು ಮುಚ್ಚಿದ ಡ್ರಮ್ಮಿನ ಒಳಗೆ ಇರುವುದರಿಂದ ಮಾಲೀಕರ ಕಣ್ಣಿಗೆ ಬೀಳುವುದಿಲ್ಲ. ಡಿಸ್ಕ್ ತಂಪಾಗಲೆಂದು ತೆರೆದ ಗಾಳಿಯಲ್ಲಿರುತ್ತದೆ. ಮಳೆಯೂ ಕೆಸರೂ ತೊಳೆಯುವ ನೀರೂ ನೇರವಾಗಿ ಅದರ ಮೇಲೆ ಬೀಳುತ್ತವೆ. ಉಕ್ಕಿನ ಚಕ್ರ ಮತ್ತು ಅದರ ಮುಚ್ಚಳದ ಬದಲು ಕಡ್ಡಿಗಳ ನಡುವೆ ತೆರಪಿರುವ ಅಲಾಯ್ ಚಕ್ರಗಳು ಬಂದ ಮೇಲೆ ಡಿಸ್ಕಿನ ತುಕ್ಕು ದೂರದಿಂದಲೇ ಕಾಣತೊಡಗಿತು. ಹೊಸ ಕಾರು ಕೊಂಡವರು ಮೊದಲ ಮಳೆಗೇ ಗಾಬರಿಯಾಗುವುದು ಈ ಕಾರಣಕ್ಕೆ.

ಲೋಹ ಮತ್ತು ರಚನೆ

ಕಾರಿನ ಡಿಸ್ಕುಗಳಲ್ಲಿ ಬಹುಪಾಲು ಬೂದು ಎರಕದ ಕಬ್ಬಿಣದವು. ಎರಕದ ಮನೆಗಳಲ್ಲಿ ಇದನ್ನು ಬೀಡು ಎನ್ನುತ್ತಾರೆ. ಇದರಲ್ಲಿ ಶೇ. 3ರಿಂದ 4ರಷ್ಟು ಇಂಗಾಲವೂ ಸುಮಾರು ಶೇ. 2ರಷ್ಟು ಸಿಲಿಕಾನೂ ಇರುತ್ತವೆ. ಇಂಗಾಲದ ಹೆಚ್ಚಿನ ಪಾಲು ತೆಳು ಚಕ್ಕೆಗಳಂಥ ಗ್ರಾಫೈಟ್ ರೂಪದಲ್ಲಿ ಲೋಹದ ತುಂಬ ಹರಡಿಕೊಂಡಿರುತ್ತದೆ. ಭಾರತದಲ್ಲಿ ಬೂದು ಎರಕದ ಕಬ್ಬಿಣದ ದರ್ಜೆಗಳನ್ನು ಐಎಸ್ 210 ಮಾನಕವು ಎಫ್‌ಜಿ 200, ಎಫ್‌ಜಿ 260 ಮುಂತಾಗಿ ನಿಗದಿಪಡಿಸುತ್ತದೆ. ಇಲ್ಲಿನ ಅಂಕಿ ಆ ಲೋಹದ ಕನಿಷ್ಠ ಎಳೆತಬಲವನ್ನು ಸೂಚಿಸುತ್ತದೆ. ವಾಹನೋದ್ಯಮಕ್ಕೆ ಬೂದು ಕಬ್ಬಿಣದ ಎರಕ ಒದಗಿಸುವ ಊರುಗಳಲ್ಲಿ ಕರ್ನಾಟಕದ ಬೆಳಗಾವಿ ಒಂದು.

ಬೇಗ ತುಕ್ಕು ಹಿಡಿಯುತ್ತದೆಂದು ತಿಳಿದಿದ್ದರೂ ತಯಾರಕರು ಈ ಲೋಹವನ್ನೇ ಆರಿಸುವುದಕ್ಕೆ ಬಲವಾದ ಕಾರಣಗಳಿವೆ. 1,200 ಕಿಲೋ ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಬೇಕಾದರೆ ಸುಮಾರು 3 ಲಕ್ಷ ಜೂಲ್ ಚಲನಶಕ್ತಿ ಶಾಖವಾಗಿ ಮಾರ್ಪಡಬೇಕು. ಅದರಲ್ಲಿ ಹೆಚ್ಚಿನದನ್ನು ಡಿಸ್ಕುಗಳೇ ಹೀರಿಕೊಳ್ಳುತ್ತವೆ. ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕು ಹಾಕಿದರೆ ಡಿಸ್ಕಿನ ತಾಪ 400–500 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಗ್ರಾಫೈಟ್ ಚಕ್ಕೆಗಳು ಈ ಶಾಖವನ್ನು ಬೇಗನೆ ಹರಡುತ್ತವೆ, ಜೊತೆಗೆ ಕಂಪನವನ್ನು ನುಂಗಿ ಕೀರಲು ಸದ್ದನ್ನು ತಗ್ಗಿಸುತ್ತವೆ. ಬೂದು ಕಬ್ಬಿಣದ ಶಾಖವಾಹಕತೆ ಪ್ರತಿ ಮೀಟರಿಗೆ, ಪ್ರತಿ ಕೆಲ್ವಿನ್‌ಗೆ ಸುಮಾರು 50 ವ್ಯಾಟ್; ಪಾತ್ರೆಗಳಿಗೆ ಬಳಸುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು ಸುಮಾರು 16 ಮಾತ್ರ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಶಾಖವನ್ನೂ ಕಂಪನವನ್ನೂ ಹೀಗೆ ನಿಭಾಯಿಸುವ ಗ್ರಾಫೈಟ್ ಇಲ್ಲ, ಬೆಲೆಯೂ ಹೆಚ್ಚು. ಉಜ್ಜುಮುಖಕ್ಕೆ ಬಣ್ಣ ಬಳಿಯುವುದೂ ಆಗದು. ಪ್ಯಾಡು ಅದನ್ನು ಮೊದಲ ಕೆಲವು ಬ್ರೇಕುಗಳಲ್ಲೇ ಕೆರೆದು ಹಾಕುತ್ತದೆ.

ಬೈಕುಗಳ ಡಿಸ್ಕು ಇದಕ್ಕೆ ಹೊರತು. ಅವುಗಳ ಡಿಸ್ಕು ಕಣ್ಣಿಗೆ ಪೂರ್ತಿ ಕಾಣುತ್ತದೆ, ತೆಳುವಾಗಿದೆ, ಹೊರಬೇಕಾದ ಶಾಖವೂ ಕಾರಿಗಿಂತ ಕಡಿಮೆ. ಆದ್ದರಿಂದ ಅವಕ್ಕೆ ಸುಮಾರು ಶೇ. 12ರಷ್ಟು ಕ್ರೋಮಿಯಂ ಇರುವ ಮಾರ್ಟೆನ್‌ಸಿಟಿಕ್ ಸ್ಟೇನ್‌ಲೆಸ್ ಸ್ಟೀಲನ್ನು ಬಳಸುತ್ತಾರೆ. ಈ ಉಕ್ಕಿಗೂ ಕಡಲತೀರದಲ್ಲಿ ಕಂದು ಕಲೆ ಬೀಳುವುದುಂಟು, ಆದರೆ ಎರಕದ ಕಬ್ಬಿಣದ ಹಾಗೆ ಪದರ ಪದರವಾಗಿ ಏಳುವುದಿಲ್ಲ.

ತುಕ್ಕು ಹಿಡಿಯುವ ಬಗೆ

ತುಕ್ಕು ಒಂದು ವಿದ್ಯುದ್ರಾಸಾಯನಿಕ ಕ್ರಿಯೆ. ಡಿಸ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಇದ್ದರೂ ಅಸಂಖ್ಯ ಸೂಕ್ಷ್ಮ ವಿದ್ಯುತ್‌ಕೋಶಗಳು ಏರ್ಪಡುತ್ತವೆ. ಒಂದೆಡೆ ಕಬ್ಬಿಣದ ಪರಮಾಣುಗಳು ಇಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗಿ ನೀರಿಗಿಳಿಯುತ್ತವೆ. ಇನ್ನೊಂದೆಡೆ ಆಮ್ಲಜನಕವೂ ನೀರೂ ಆ ಇಲೆಕ್ಟ್ರಾನ್‌ಗಳನ್ನು ಪಡೆದು ಹೈಡ್ರಾಕ್ಸೈಡ್ ಅಯಾನುಗಳಾಗುತ್ತವೆ. ಇವೆರಡೂ ಕೂಡಿ ಮೊದಲು ಫೆರಸ್ ಹೈಡ್ರಾಕ್ಸೈಡ್ ಉಂಟಾಗುತ್ತದೆ. ಅದು ಮತ್ತಷ್ಟು ಆಮ್ಲಜನಕ ಹೀರಿ ಲೆಪಿಡೊಕ್ರೊಸೈಟ್, ಗೋಥೈಟ್ ಎಂಬ ಕಿತ್ತಳೆ ಮತ್ತು ಕಂದು ಬಣ್ಣದ ಖನಿಜಗಳಾಗಿ ಬದಲಾಗುತ್ತದೆ. ಆಮ್ಲಜನಕ ಸಾಲದ ಒಳಪದರದಲ್ಲಿ ಕಪ್ಪಾದ ಮ್ಯಾಗ್ನಟೈಟ್ ಬೆಳೆಯುತ್ತದೆ. ಹಳೆಯ ತುಕ್ಕನ್ನು ಕೆರೆದಾಗ ಅಡಿಯಲ್ಲಿ ಸಿಗುವ ಕಪ್ಪು ಪದರ ಇದೇ.

ಬೀಡಿನಲ್ಲಿ ಗ್ರಾಫೈಟ್ ಚಕ್ಕೆಗಳು ಈ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಗ್ರಾಫೈಟ್ ವಿದ್ಯುತ್ತನ್ನು ಸಾಗಿಸುತ್ತದೆ, ತಾನು ಮಾತ್ರ ಕರಗುವುದಿಲ್ಲ. ಆದ್ದರಿಂದ ಅದರ ಪಕ್ಕದ ಕಬ್ಬಿಣ ಬೇಗನೆ ಕರಗುತ್ತದೆ. ಶಾಖ ಹರಡಲು ನೆರವಾಗುವ ಅದೇ ಚಕ್ಕೆಗಳು ತುಕ್ಕಿಗೂ ನೆರವಾಗುವುದರಿಂದ ಈ ಲೋಹದಲ್ಲಿ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ತೊಲಗಿಸುವುದು ಸಾಧ್ಯವಾಗಿಲ್ಲ. ಬ್ರೇಕು ಹಾಕಿದಾಗಲೆಲ್ಲ ಉಜ್ಜುಮುಖ ಬತ್ತಲೆಯಾಗುವುದು ಇನ್ನೊಂದು ಕಾರಣ. ಅಲ್ಲಿ ಎಣ್ಣೆಯಿಲ್ಲ, ಬಣ್ಣವಿಲ್ಲ, ಹಳೆಯ ಆಕ್ಸೈಡಿನ ಮುಸುಕೂ ಇಲ್ಲ. ಅದಕ್ಕೇ ಗಾಡಿ ತೊಳೆದು ಗಂಟೆ ಕಳೆಯುವುದರೊಳಗೆ ಡಿಸ್ಕು ಕೆಂಪಾಗುವುದುಂಟು.

ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ತೆರೆದ ಮೇಲ್ಮೈಯಲ್ಲಿ ಇದು ಹೊರಕ್ಕೆ ಬೆಳೆದು ಉದುರಿಹೋಗುತ್ತದೆ. ಹಬ್ಬಿನ ಸಂದಿನಲ್ಲಿ, ಪ್ಯಾಡಿನ ತಗಡು ಮತ್ತು ಘರ್ಷಣ ಪದಾರ್ಥದ ನಡುವೆ, ಬ್ರೇಕು ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ಉಂಗುರದ ಅಡಿಯಲ್ಲಿ ಹೊರಬರಲು ಜಾಗವಿಲ್ಲದಿರುವುದರಿಂದ ಅಕ್ಕಪಕ್ಕದ ಭಾಗಗಳನ್ನು ಎತ್ತಿ ಸರಿಸುತ್ತದೆ. ಡಿಸ್ಕಿನ ಗಂಭೀರ ತೊಂದರೆಗಳಲ್ಲಿ ಹಲವು ಈ ಹಿಗ್ಗುವಿಕೆಯಿಂದಲೇ ಹುಟ್ಟುತ್ತವೆ.

ಹವಾಮಾನ ಮತ್ತು ಉಪ್ಪು

ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 60 ದಾಟಿದರೆ ಕಬ್ಬಿಣದ ತುಕ್ಕಿನ ವೇಗ ಏರುತ್ತದೆ. ಮಳೆ ಬೀಳಲೇಬೇಕೆಂದಿಲ್ಲ. ಇಬ್ಬನಿಯೂ ಸಾಕು, ನೆಲಮಾಳಿಗೆಯ ಪಾರ್ಕಿಂಗಿನ ತೇವವೂ ಸಾಕು.

ಉಪ್ಪು ಸೇರಿದರೆ ಪರಿಸ್ಥಿತಿ ಬಿಗಡಾಯಿಸುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಕ್ಲೋರೈಡ್ ಅಯಾನುಗಳು ತುಕ್ಕಿನ ಪದರವನ್ನು ಭೇದಿಸಿ ಅಡಿಯ ಲೋಹದಲ್ಲಿ ಕುಳಿ ತೋಡುತ್ತವೆ. ಉಪ್ಪು ಗಾಳಿಯಿಂದ ತಾನೇ ನೀರು ಎಳೆದುಕೊಳ್ಳುವುದೂ ಮುಖ್ಯ. ಅಡುಗೆ ಉಪ್ಪು ಶೇ. 75ರ ಆರ್ದ್ರತೆಯಲ್ಲಿ ನೀರಾಗತೊಡಗಿದರೆ ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡ್ ಶೇ. 33ರಷ್ಟರಲ್ಲೇ ಕರಗುತ್ತದೆ. ಹೀಗಾಗಿ ಒಣಗಿದಂತೆ ಕಾಣುವ ಡಿಸ್ಕೂ ಒಳಗೊಳಗೇ ಒದ್ದೆಯಾಗಿರುತ್ತದೆ.

ಉತ್ತರ ಅಮೆರಿಕ ಮತ್ತು ಯೂರೋಪಿನ ಚಳಿನಾಡುಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಹರಡುವ ಉಪ್ಪು ಡಿಸ್ಕಿನ ತುಕ್ಕಿಗೆ ಮುಖ್ಯ ಕಾರಣ. ಅಮೆರಿಕ ಒಂದರಲ್ಲೇ ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮೀರಿ ಉಪ್ಪು ರಸ್ತೆಗೆ ಬೀಳುತ್ತದೆ. ಮಿಶಿಗನ್, ಒಹಾಯೊ, ಒಂಟಾರಿಯೊ ಕಡೆ ನೆಲೆಸಿದ ಕನ್ನಡಿಗರು ಸರ್ವಿಸ್ ಬಿಲ್ಲಿನಲ್ಲಿ ಕಾಣುವ ಡಿಸ್ಕು ಬದಲಾವಣೆಯ ಹಿಂದೆ ಸವೆತಕ್ಕಿಂತ ಈ ಉಪ್ಪೇ ಇರುವುದು ಸಾಮಾನ್ಯ.

ಕರ್ನಾಟಕದಲ್ಲಿ ಇಂಥ ಹೊರೆ ಕರಾವಳಿಯದು. ಕಾರವಾರದಿಂದ ಮಂಗಳೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66 ಹಲವೆಡೆ ಕಡಲಿನ ಮಗ್ಗುಲಲ್ಲೇ ಸಾಗುತ್ತದೆ. ಮರವಂತೆಯಲ್ಲಿ ರಸ್ತೆಗೂ ಅಲೆಗೂ ಕೆಲವೇ ಮೀಟರು ಅಂತರ. ತೆರೆ ಒಡೆಯುವಾಗ ಏಳುವ ಉಪ್ಪಿನ ತುಂತುರು ತೀರದ ಮೊದಲ ಕೆಲವು ನೂರು ಮೀಟರುಗಳಲ್ಲಿ ದಟ್ಟವಾಗಿದ್ದು ಒಳನಾಡಿಗೆ ಹೋದಂತೆ ಬೇಗನೆ ಕ್ಷೀಣಿಸುತ್ತದೆ. ಮಲೆನಾಡಿನಲ್ಲಿ ಉಪ್ಪಿಲ್ಲ, ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಒಣಗುವುದೇ ಇಲ್ಲ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಇಂಥಲ್ಲಿ ತುಕ್ಕು ನಿಧಾನವಾಗಿ ಆದರೆ ಬಿಡದೆ ಬೆಳೆಯುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ತುಕ್ಕು ತೀರ ಕಡಿಮೆ.

ಹವೆಗಿಂತಲೂ ಹೆಚ್ಚು ಹಾನಿ ಮಾಡುವುದು ಗಾಡಿ ಓಡದೆ ನಿಲ್ಲುವುದು. ದಿನವೂ ಓಡುವ ಟ್ಯಾಕ್ಸಿಯ ಡಿಸ್ಕು ಮಂಗಳೂರಿನ ಮಳೆಗಾಲದಲ್ಲೂ ಹೊಳೆಯುತ್ತಿರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎರಡು ತಿಂಗಳು ನಿಂತ ಕಾರಿನದು ಒರಟಾಗಿರುತ್ತದೆ.

ತುಕ್ಕಿನ ವಿಧಗಳು

ಮೇಲುತುಕ್ಕು: ಉಜ್ಜುಮುಖದ ಮೇಲೆ ಕೂರುವ ತೆಳು ಕಿತ್ತಳೆ ಪದರ. ಬೆರಳಿಗೆ ಪುಡಿಯಾಗಿ ಅಂಟುತ್ತದೆ. ಮೊದಲ ಬ್ರೇಕುಗಳಲ್ಲಿ ಕರಕರ ಸದ್ದು ಬರಬಹುದು, ಬ್ರೇಕು ಎಂದಿಗಿಂತ ತುಸು ಬಿರುಸಾಗಿ ಹಿಡಿಯಬಹುದು. ಕೆಲವು ಸಲ ಬ್ರೇಕು ಒತ್ತಿದರೆ ಲೋಹ ಮತ್ತೆ ಬೆಳ್ಳಗಾಗುತ್ತದೆ. ಹೀಗೆ ಒಂದು ಸಲಕ್ಕೆ ಕಳೆದುಹೋಗುವ ಕಬ್ಬಿಣ ಲೆಕ್ಕಕ್ಕೆ ಬಾರದಷ್ಟು ಅಲ್ಪ.

ಪ್ಯಾಡಿನ ಅಚ್ಚು: ಒದ್ದೆ ಡಿಸ್ಕಿನ ಮೇಲೆ ಪ್ಯಾಡು ಒತ್ತಿಕೊಂಡು ನಿಂತರೆ ಅವೆರಡರ ನಡುವೆ ನೀರು ಸಿಕ್ಕಿಕೊಳ್ಳುತ್ತದೆ. ಹಲವು ಬಗೆಯ ಪ್ಯಾಡುಗಳಲ್ಲಿ ಉಕ್ಕಿನ ನಾರು ಇರುವುದರಿಂದ ಅದೂ ತುಕ್ಕು ಹಿಡಿದು ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಗಾಡಿ ಹೊರಡಿಸಿದಾಗ ಟಪ್ಪೆಂದು ಬಿಟ್ಟುಕೊಳ್ಳುವುದು ಇದೇ. ಬಿಟ್ಟುಕೊಂಡ ಜಾಗದಲ್ಲಿ ಪ್ಯಾಡಿನ ಆಕಾರದ ಕಪ್ಪು ಗುರುತು ಉಳಿಯುತ್ತದೆ. ತೆಳುವಾದ ಗುರುತು ಕೆಲವು ದಿನಗಳಲ್ಲಿ ಮಾಸುತ್ತದೆ. ಆಳವಾದುದು ಡಿಸ್ಕಿನ ದಪ್ಪದಲ್ಲಿ ಏರುಪೇರು ತರುತ್ತದೆ. ಸುತ್ತಲೂ ದಪ್ಪದಲ್ಲಿ 0.01ರಿಂದ 0.02 ಮಿ.ಮೀ. ವ್ಯತ್ಯಾಸವಾದರೂ, ಎಂದರೆ ಕೂದಲೆಳೆಯ ದಪ್ಪದ ಸಣ್ಣದೊಂದು ಪಾಲಿನಷ್ಟಾದರೂ, ಬ್ರೇಕು ಹಾಕಿದಾಗ ಪೆಡಲೂ ಸ್ಟೀರಿಂಗೂ ಅದುರಬಲ್ಲವು.

ಕುಳಿತುಕ್ಕು: ತುಕ್ಕು ಮೇಲ್ಮೈ ಬಿಟ್ಟು ಲೋಹದೊಳಗೆ ಇಳಿದ ಸ್ಥಿತಿ. ಬ್ರೇಕು ಹಾಕಿದ ಮೇಲೂ ಕಪ್ಪು ಚುಕ್ಕೆಗಳು, ಒರಟು ಪಟ್ಟೆಗಳು ಉಳಿಯುತ್ತವೆ. ಪ್ಯಾಡು ಆ ಪಟ್ಟೆಯನ್ನು ಸರಿಯಾಗಿ ಮುಟ್ಟುವುದಿಲ್ಲ, ಮುಟ್ಟದ ಕಡೆ ತುಕ್ಕು ಇನ್ನಷ್ಟು ಬೆಳೆಯುತ್ತದೆ, ಒರಟಾದ ಲೋಹವು ಪ್ಯಾಡನ್ನು ಸವೆಸುತ್ತದೆ. ಈ ಸರಪಳಿ ಶುರುವಾದರೆ ತಾನಾಗಿ ನಿಲ್ಲುವುದು ಅಪರೂಪ.

ಅಂಚಿನ ಏಣು: ಪ್ಯಾಡು ಡಿಸ್ಕಿನ ಹೊರ ಅಂಚಿನ ತುದಿಯವರೆಗೆ ಮುಟ್ಟುವುದಿಲ್ಲ. ಉಜ್ಜುಮುಖ ಸವೆದಂತೆ ಅಂಚಿನಲ್ಲಿ ಏಣೊಂದು ಉಳಿದು ಅದರ ಮೇಲೆ ತುಕ್ಕು ಪದರ ಪದರವಾಗಿ ದಪ್ಪಗಟ್ಟುತ್ತದೆ. ಸಣ್ಣ ಏಣಿನಿಂದ ತೊಂದರೆಯಿಲ್ಲ. ದಪ್ಪನಾದದ್ದು ಪ್ಯಾಡಿನ ತುದಿಗೆ ತಗುಲಿ ಕೀರುತ್ತದೆ. ಒಳಮುಖವಾಗಿ ಹಬ್ಬಿದರೆ ಉಜ್ಜುಮುಖದ ಅಗಲವನ್ನೇ ತಿನ್ನುತ್ತದೆ.

ಟೋಪಿಯ ತುಕ್ಕು: ಟೋಪಿಗೆ ಘರ್ಷಣೆಯ ಕೆಲಸವಿಲ್ಲ. ಅಲ್ಲಿನ ತುಕ್ಕು ಸಾಮಾನ್ಯವಾಗಿ ನೋಟಕ್ಕೆ ಮಾತ್ರ ಕೆಟ್ಟದ್ದು. ಟೋಪಿಯೊಳಗೆ ಹ್ಯಾಂಡ್‌ಬ್ರೇಕಿನ ಸಣ್ಣ ಡ್ರಮ್ ಇರುವ ಕಾರುಗಳಲ್ಲಿ ಮಾತ್ರ ಒಳಗಿನ ತುಕ್ಕು ಹ್ಯಾಂಡ್‌ಬ್ರೇಕನ್ನು ಕಚ್ಚಿಸಬಲ್ಲದು.

ಹಬ್ಬಿನ ಮುಖದ ತುಕ್ಕು: ಡಿಸ್ಕು ಹಬ್ಬಿಗೆ ಕೂರುವ ಜಾಗದಲ್ಲಿ ತುಕ್ಕಿನ ಹೆಕ್ಕಳವಿದ್ದರೆ ಹೊಸ ಡಿಸ್ಕೂ ಸೊಟ್ಟಗೆ ಕೂರುತ್ತದೆ. ತಿರುಗುವಾಗ ಡಿಸ್ಕಿನ ಓಲಾಟ ಸಾಮಾನ್ಯವಾಗಿ 0.05 ಮಿ.ಮೀ. ಆಸುಪಾಸಿನ ಮಿತಿಯೊಳಗಿರಬೇಕು, ಹಬ್ಬಿನ ಮೇಲಿನ ತೆಳು ಹೆಕ್ಕಳವೊಂದೇ ಇದನ್ನು ಮೀರಿಸಲು ಸಾಕು. ಹೊಸ ಡಿಸ್ಕು ಹಾಕಿಸಿದ ಕೆಲವು ಸಾವಿರ ಕಿ.ಮೀ.ಗಳಲ್ಲೇ ಬ್ರೇಕು ಅದುರಿದರೆ ಡಿಸ್ಕನ್ನು ದೂರುವ ಮುನ್ನ ಹಬ್ಬನ್ನು ನೋಡಬೇಕು.

ಗಾಳಿಕಿಂಡಿಯ ತುಕ್ಕು: ಎಲ್ಲಕ್ಕಿಂತ ಮರೆಯಲ್ಲಿರುವುದು. ಕಿಂಡಿಯೊಳಗಿನ ರೆಕ್ಕೆಗಳು ತುಕ್ಕಿನಿಂದ ತೆಳುವಾಗುತ್ತ ಹೋದರೆ ಎರಡು ಉಜ್ಜುಮುಖಗಳ ಬೆಸುಗೆಯೇ ಸಡಿಲವಾಗುತ್ತದೆ. ಉಪ್ಪು ಹರಡುವ ನಾಡುಗಳ ಹಳೆಯ ವಾಹನಗಳಲ್ಲಿ ರೆಕ್ಕೆ ಮುರಿದು ಉಜ್ಜುಮುಖ ಬೇರ್ಪಡುವುದುಂಟು. ಉಜ್ಜುಮುಖ ಹೊಳೆಯುತ್ತಿದ್ದು ದಪ್ಪವೂ ಸರಿಯಿರುವಾಗಲೂ ಇದು ಆಗಬಲ್ಲದು.

ಅಕ್ಕಪಕ್ಕದ ಭಾಗಗಳು

ಡಿಸ್ಕಿನ ತುಕ್ಕು ಎಷ್ಟೋ ಸಲ ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಕೆಟ್ಟಿರುವುದರ ಕುರುಹು. ಕ್ಯಾಲಿಪರ್ ಎಡಬಲಕ್ಕೆ ಸರಿದಾಡಲು ಇರುವ ಪಿನ್ನುಗಳು ಕಚ್ಚಿಕೊಂಡರೆ ಎರಡು ಪ್ಯಾಡುಗಳಲ್ಲಿ ಒಂದೇ ದುಡಿಯುತ್ತದೆ. ಒಂದು ಉಜ್ಜುಮುಖ ಬೆಳ್ಳಗಿದ್ದು ಇನ್ನೊಂದು ಕೆಂಪಾಗಿದ್ದರೆ ಇದೇ ಕಾರಣವಿರಬಹುದು. ಚಕ್ರದ ಹೊರಗಿನಿಂದ ಇಣುಕಿದವರಿಗೆ ಹೊರಮುಖ ಮಾತ್ರ ಕಾಣುತ್ತದೆ. ಧೂಳಿನ ತಗಡಿನ ಹಿಂದಿರುವ ಒಳಮುಖ ತೇವವನ್ನು ಹೆಚ್ಚು ಹೊತ್ತು ಹಿಡಿದಿಡುವುದರಿಂದ ಕೆಡುವುದು ಹಲವು ಸಲ ಅದೇ ಮೊದಲು. ಹೊರಮುಖ ನೋಡಿ ಡಿಸ್ಕು ಚೆನ್ನಾಗಿದೆ ಎಂದು ತೀರ್ಮಾನಿಸುವುದು ಅಪಾಯಕಾರಿ ಅಭ್ಯಾಸ.

ಎಬಿಎಸ್‌ಗೆ ಚಕ್ರದ ವೇಗ ತಿಳಿಸುವ ಸೆನ್ಸರಿನ ಅಡಿಯಲ್ಲಿ ತುಕ್ಕು ಬೆಳೆದು ಅದನ್ನು ಮೇಲೆತ್ತಿದರೆ ಸಂಕೇತ ದುರ್ಬಲವಾಗುತ್ತದೆ. ನಿಧಾನವಾಗಿ ನಿಲ್ಲುವ ಹೊತ್ತಿನಲ್ಲಿ ಎಬಿಎಸ್ ಕಾರಣವಿಲ್ಲದೆ ಕೆಲಸ ಮಾಡಿ ನಿಲ್ಲುವ ದೂರ ಹೆಚ್ಚುತ್ತದೆ. ಇಂಥದೇ ದೋಷಕ್ಕಾಗಿ ಜನರಲ್ ಮೋಟಾರ್ಸ್ 2005ರಲ್ಲಿ ಅಮೆರಿಕದ ಉಪ್ಪು ಬಳಸುವ ರಾಜ್ಯಗಳಲ್ಲಿನ ತನ್ನ ಪಿಕಪ್ ಮತ್ತು ಎಸ್‌ಯುವಿಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಸಿತ್ತು.

ಗಮನ ಕೊಡಬೇಕಾದ ಲಕ್ಷಣಗಳು

ಮಳೆ ಅಥವಾ ತೊಳೆತದ ನಂತರ ಬಂದ ತುಕ್ಕು ಹತ್ತಿಪ್ಪತ್ತು ಬ್ರೇಕುಗಳಲ್ಲಿ ಅಳಿದರೆ ಏನೂ ಮಾಡಬೇಕಿಲ್ಲ. ದಿನಗಟ್ಟಲೆ ಓಡಿಸಿದ ಮೇಲೂ ಉಜ್ಜುಮುಖದಲ್ಲಿ ಕೆಂಪು ಅಥವಾ ಕಪ್ಪು ಪಟ್ಟೆ ಉಳಿದರೆ ಚಕ್ರ ಬಿಚ್ಚಿಸಿ ನೋಡಬೇಕು. ಬ್ರೇಕು ಹಾಕಿದಾಗ ಸ್ಟೀರಿಂಗ್ ಅಥವಾ ಪೆಡಲ್ ಅದುರುವುದು, ಗಾಡಿ ಒಂದು ಬದಿಗೆ ಎಳೆಯುವುದು, ಕೀರಲು ಸದ್ದು ದಿನವೂ ಮರುಕಳಿಸುವುದು, ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಅಥವಾ ಕುಳಿ ಇರುವುದು, ಇವು ತಪಾಸಣೆಯನ್ನು ಮುಂದೂಡಬಾರದ ಲಕ್ಷಣಗಳು. ಬೆರಳಾಡಿಸುವ ಮುನ್ನ ಡಿಸ್ಕು ಪೂರ್ತಿ ತಣಿದಿರಬೇಕು.

ಎಡ ಮತ್ತು ಬಲ ಡಿಸ್ಕುಗಳ ಸ್ಥಿತಿಯಲ್ಲಿನ ವ್ಯತ್ಯಾಸ ಒಂಟಿ ಡಿಸ್ಕಿನ ತುಕ್ಕಿಗಿಂತ ಹೆಚ್ಚು ಗಂಭೀರ. ಒಂದು ಚಕ್ರ ಬಲವಾಗಿ ಹಿಡಿದು ಇನ್ನೊಂದು ಸಡಿಲ ಹಿಡಿದರೆ ಒದ್ದೆ ರಸ್ತೆಯಲ್ಲಿ ಗಾಡಿ ಹತೋಟಿ ತಪ್ಪಬಹುದು. ಉಜ್ಜುಮುಖದಿಂದ ಟೋಪಿಯ ಕಡೆಗೆ ಬಿರುಕು ಕಂಡರೆ, ಗಾಳಿಕಿಂಡಿಯ ರೆಕ್ಕೆಗಳು ಮುರಿದಿದ್ದರೆ, ದೊಡ್ಡ ಚಕ್ಕೆಗಳು ಉದುರುತ್ತಿದ್ದರೆ ಆ ಡಿಸ್ಕಿನಲ್ಲಿ ಮುಂದೆ ಓಡಿಸಬಾರದು.

ಅಳತೆ ಮತ್ತು ದುರಸ್ತಿ

ಡಿಸ್ಕು ಎಷ್ಟು ಸವೆದರೆ ಬದಲಿಸಬೇಕೆಂಬ ಕನಿಷ್ಠ ದಪ್ಪವನ್ನು ತಯಾರಕರು ನಿಗದಿಪಡಿಸಿ ಸಾಮಾನ್ಯವಾಗಿ ಟೋಪಿಯ ಮೇಲೆ ಅಥವಾ ಅಂಚಿನಲ್ಲಿ ಅಚ್ಚೊತ್ತಿರುತ್ತಾರೆ. ಹೊಸದಕ್ಕೂ ಕನಿಷ್ಠಕ್ಕೂ ಅಂತರ ಹೆಚ್ಚಿನ ಕಾರುಗಳಲ್ಲಿ ಸುಮಾರು 2 ಮಿ.ಮೀ. ಮಾತ್ರ. ಅಳೆಯಬೇಕಾದದ್ದು ಮೈಕ್ರೊಮೀಟರಿನಿಂದ, ಅಂಚಿನ ಏಣು ಬಿಟ್ಟು ಒಳಭಾಗದಲ್ಲಿ, ಸುತ್ತಲೂ ಹಲವು ಕಡೆ. ಸಾಮಾನ್ಯ ವರ್ನಿಯರ್ ಕ್ಯಾಲಿಪರಿನ ದವಡೆ ಏಣಿನ ಮೇಲೆ ಕೂತು ಸವೆದ ಡಿಸ್ಕನ್ನೂ ದಪ್ಪವೆಂದು ತೋರಿಸಿಬಿಡುತ್ತದೆ. ಓಲಾಟವನ್ನು ಡಯಲ್ ಗೇಜಿನಿಂದ ನೋಡುತ್ತಾರೆ.

ದಪ್ಪ ಉಳಿದಿದ್ದು ಕುಳಿ ಆಳವಾಗಿಲ್ಲದಿದ್ದರೆ ಡಿಸ್ಕನ್ನು ಲೇತಿಗೆ ಕೊಟ್ಟು ಎರಡೂ ಮುಖಗಳನ್ನು ಸಮ ಮಾಡಿಸಬಹುದು. ಗ್ಯಾರೇಜುಗಳಲ್ಲಿ ಇದಕ್ಕೆ ಸ್ಕಿಮ್ಮಿಂಗ್ ಎನ್ನುತ್ತಾರೆ. ಸ್ಕಿಮ್ಮಿಂಗ್ ಆದ ಮೇಲೂ ದಪ್ಪ ಕನಿಷ್ಠಕ್ಕಿಂತ ಮೇಲಿರಬೇಕು. ಕನಿಷ್ಠಕ್ಕೆ ಹತ್ತಿರವಾದ ಡಿಸ್ಕನ್ನು ಕೆತ್ತಿಸಿ ಹಣ ಉಳಿಸುವುದು ಸಲ್ಲದು: ತೆಳು ಡಿಸ್ಕು ಬೇಗ ಕಾಯುತ್ತದೆ, ಬೇಗ ಬಿರುಕು ಬಿಡುತ್ತದೆ. ಬದಲಿಸುವಾಗ ಒಂದೇ ಆಕ್ಸಲಿನ ಎರಡೂ ಡಿಸ್ಕುಗಳನ್ನು ಹೊಸ ಪ್ಯಾಡುಗಳ ಸಮೇತ ಬದಲಿಸುವುದು ಕ್ರಮ. ಹಬ್ಬಿನ ಮುಖವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಲೋಹ ಕಾಣುವಂತೆ ಮಾಡಿ, ಹೊಸ ಡಿಸ್ಕಿಗೆ ಬಳಿದು ಬಂದ ತುಕ್ಕುರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ತೊಳೆದ ಮೇಲೆ ಕೂರಿಸಬೇಕು. ಹಬ್ಬಿಗೆ ಕಚ್ಚಿಕೊಂಡ ಹಳೆಯ ಡಿಸ್ಕನ್ನು ಸುತ್ತಿಗೆಯಿಂದ ಬಡಿದರೆ ಬೇರಿಂಗಿಗೆ ಪೆಟ್ಟು. ಹಲವು ಕಾರುಗಳ ಡಿಸ್ಕಿನ ಟೋಪಿಯಲ್ಲಿ ಇದಕ್ಕೆಂದೇ ತಿರುಪಿನ ಗೆರೆಗಳಿರುವ ಎರಡು ರಂಧ್ರಗಳಿರುತ್ತವೆ. ಅವಕ್ಕೆ ಬೋಲ್ಟು ತಿರುಗಿಸುತ್ತ ಹೋದರೆ ಡಿಸ್ಕು ತಾನೇ ಕಳಚುತ್ತದೆ.

ತಡೆ

ಉಜ್ಜುಮುಖಕ್ಕೆ ಎಣ್ಣೆ, ಗ್ರೀಸು ಅಥವಾ ತುಕ್ಕು ಬಿಡಿಸುವ ಸ್ಪ್ರೇ ಹಾಕುವುದು ಪ್ರಾಣಾಪಾಯದ ಕೆಲಸ. ಪ್ಯಾಡು ಎಣ್ಣೆಯನ್ನು ಹೀರಿಕೊಂಡರೆ ಬ್ರೇಕು ಹಿಡಿಯುವುದೇ ಇಲ್ಲ. ಅಂಥ ಪ್ಯಾಡನ್ನು ಎಸೆಯಬೇಕಾಗುತ್ತದೆ.

ಡಿಸ್ಕಿಗೆ ಒಳ್ಳೆಯ ರಕ್ಷಣೆ ಬಳಕೆ. ಗಾಡಿ ತೊಳೆದ ಮೇಲೆ, ಮಳೆಯಲ್ಲಿ ಬಂದ ಮೇಲೆ, ಹಿಂದೆ ವಾಹನವಿಲ್ಲದ ರಸ್ತೆಯಲ್ಲಿ ಕೆಲವು ಸಲ ಮೆತ್ತಗೆ ಬ್ರೇಕು ಹಾಕಿ ಡಿಸ್ಕನ್ನು ಬಿಸಿ ಮಾಡಿ ಒಣಗಿಸಿ ನಿಲ್ಲಿಸಿದರೆ ರಾತ್ರಿಯ ತುಕ್ಕು ಬಹಳಷ್ಟು ಕಡಿಮೆಯಾಗುತ್ತದೆ. ಕರಾವಳಿಯಲ್ಲಿ ಓಡಿಸುವವರು ಚಕ್ರದೊಳಗೆ ಸಿಹಿನೀರು ಹಾಯಿಸಿ ಉಪ್ಪನ್ನು ತೊಳೆದು ಆಮೇಲೆ ಒಣಗಿಸಬೇಕು. ಕಾದ ಡಿಸ್ಕಿಗೆ ಮಾತ್ರ ತಣ್ಣೀರು ಬೀಳಬಾರದು. ವಾರಗಟ್ಟಲೆ ನಿಲ್ಲಿಸುವುದಾದರೆ ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಅಡೆಗಲ್ಲು ಅಥವಾ ಮರದ ತುಂಡು ಕೊಟ್ಟು, ಹ್ಯಾಂಡ್‌ಬ್ರೇಕನ್ನು ಬಿಟ್ಟಿರುವುದು ಲೇಸು. ಎಂಜಿನ್ನನ್ನು ನಿಂತಲ್ಲೇ ಓಡಿಸಿ ಆರಿಸಿದರೆ ಡಿಸ್ಕಿಗೆ ಏನೂ ಪ್ರಯೋಜನವಿಲ್ಲ. ಚಕ್ರ ತಿರುಗಿ ಬ್ರೇಕು ಹಿಡಿಯಬೇಕು.

ವಿದ್ಯುತ್ ವಾಹನಗಳಲ್ಲಿ

ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳು ವೇಗ ತಗ್ಗಿಸುವಾಗ ಮೋಟಾರನ್ನೇ ಜನರೇಟರಾಗಿ ಬಳಸಿ ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸುತ್ತವೆ; ಇದೇ ಮರುಶಕ್ತಿ ಗಳಿಕೆ. ನಗರದ ಓಡಾಟದಲ್ಲಿ ಹೆಚ್ಚಿನ ಬ್ರೇಕಿಂಗ್ ಹೀಗೆಯೇ ನಡೆದು ಪ್ಯಾಡು ಡಿಸ್ಕನ್ನು ಮುಟ್ಟುವುದು ವಿರಳವಾಗುತ್ತದೆ. ಸಾಮಾನ್ಯ ಕಾರುಗಳಲ್ಲೂ ಬ್ರೇಕಿನ ಹೊರೆಯ ದೊಡ್ಡ ಪಾಲು ಮುಂದಿನ ಚಕ್ರಗಳದ್ದೇ ಆದ್ದರಿಂದ ಹಿಂದಿನ ಡಿಸ್ಕಿಗೆ ಕೆಲಸ ಕಡಿಮೆ. ವಿದ್ಯುತ್ ಕಾರುಗಳಲ್ಲಿ ಅದೂ ಇಲ್ಲವಾಗಿ ಹಿಂದಿನ ಡಿಸ್ಕುಗಳು ಸವೆಯುವ ಮುನ್ನವೇ ತುಕ್ಕಿಗೆ ಬಲಿಯಾಗುವುದು ಕಡ್ಡಾಯ ತಪಾಸಣೆ ಇರುವ ಜರ್ಮನಿಯಂಥ ದೇಶಗಳಲ್ಲಿ ಗಮನಕ್ಕೆ ಬಂದಿದೆ.

ಇದಕ್ಕೆ ತಯಾರಕರು ಭಿನ್ನ ಪರಿಹಾರಗಳನ್ನು ಕಂಡುಕೊಂಡಿದ್ದಾರೆ. ಫೋಕ್ಸ್‌ವಾಗನ್ ತನ್ನ ಐಡಿ.3 ಮತ್ತು ಐಡಿ.4 ಕಾರುಗಳ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕನ್ನೇ ಮರಳಿ ತಂದಿತು. ಮುಚ್ಚಿದ ಡ್ರಮ್ ಕಡಿಮೆ ಬಳಕೆಯಲ್ಲೂ ಚೆನ್ನಾಗಿ ಬಾಳುತ್ತದೆ. ಕೆಲವು ಕಾರುಗಳಲ್ಲಿ ಕಂಪ್ಯೂಟರು ಆಗಾಗ ಮೋಟಾರಿನ ಬದಲು ಪ್ಯಾಡಿನಿಂದಲೇ ಬ್ರೇಕು ಹಾಕಿಸಿ ಡಿಸ್ಕನ್ನು ಉಜ್ಜಿಸುತ್ತದೆ. ಮಳೆ ಬರುವಾಗ ಪ್ಯಾಡನ್ನು ಡಿಸ್ಕಿಗೆ ಹಗುರವಾಗಿ ತಾಗಿಸಿ ನೀರು ಒರೆಸುವ ವ್ಯವಸ್ಥೆ ಪೆಟ್ರೋಲ್ ಕಾರುಗಳಲ್ಲೂ ಇದೆ. ವಿದ್ಯುತ್ ಕಾರಿನ ಮಾಲೀಕರು ವಾರಕ್ಕೊಮ್ಮೆಯಾದರೂ ಮರುಶಕ್ತಿ ಗಳಿಕೆಯನ್ನು ತಗ್ಗಿಸಿ ಪೆಡಲಿನಿಂದ ಗಟ್ಟಿಯಾಗಿ ಕೆಲವು ಬ್ರೇಕು ಹಾಕುವುದು ಉಪಯುಕ್ತ.

ಲೇಪನಗಳು ಮತ್ತು ಇಂದಿನ ಸ್ಥಿತಿ

ಟೋಪಿ, ಅಂಚು, ಗಾಳಿಕಿಂಡಿಗಳಿಗೆ ಸತು ಮತ್ತು ಅಲ್ಯೂಮಿನಿಯಂ ಚಕ್ಕೆಗಳಿರುವ ಲೇಪನ ಬಳಿಯುವುದು ಇಂದು ಸಾಮಾನ್ಯ. ಉಜ್ಜುಮುಖದ ಮೇಲಿನ ಲೇಪನ ಮೊದಲ ಬ್ರೇಕುಗಳಲ್ಲಿ ಹೋಗುತ್ತದೆ, ಉಳಿದೆಡೆ ವರ್ಷಗಟ್ಟಲೆ ನಿಲ್ಲುತ್ತದೆ. ಉಜ್ಜುಮುಖವನ್ನೂ ಕಾಯುವ ಮೊದಲ ವ್ಯಾಪಕ ವಿಧಾನ ಫೆರಿಟಿಕ್ ನೈಟ್ರೊಕಾರ್ಬುರೈಸಿಂಗ್. ಸುಮಾರು 570 ಡಿಗ್ರಿ ತಾಪದಲ್ಲಿ ಸಾರಜನಕ ಮತ್ತು ಇಂಗಾಲವನ್ನು ಲೋಹದ ಮೇಲ್ಮೈಗೆ ಇಳಿಸಿ ಹತ್ತಿಪ್ಪತ್ತು ಮೈಕ್ರಾನ್ ದಪ್ಪದ ಗಡುಸು ಪದರ ಬೆಳೆಸುವ ಈ ಕ್ರಮವನ್ನು ಜನರಲ್ ಮೋಟಾರ್ಸ್ ತನ್ನ ಹಲವು ಮಾದರಿಗಳಿಗೆ ಅಳವಡಿಸಿತು. ಪದರ ಸವೆದ ಮೇಲೆ ಡಿಸ್ಕು ಮೊದಲಿನಂತೆಯೇ ತುಕ್ಕು ಹಿಡಿಯುತ್ತದೆ.

2017ರಲ್ಲಿ ಬಾಷ್ ಸಂಸ್ಥೆ ಟಂಗ್‌ಸ್ಟನ್ ಕಾರ್ಬೈಡ್ ಲೇಪಿತ ಡಿಸ್ಕನ್ನು ಪ್ರಕಟಿಸಿತು; ಅದೇ ವರ್ಷ ಪೋರ್ಷ ತನ್ನ ಮೂರನೇ ಪೀಳಿಗೆಯ ಕೈಯೆನ್ ಕಾರಿಗೆ ಇಂಥ ಲೇಪನದ ಬ್ರೇಕನ್ನು ಒದಗಿಸಿತು. ಸುಮಾರು 0.1 ಮಿ.ಮೀ. ದಪ್ಪದ ಈ ಪದರ ಕನ್ನಡಿಯಂತೆ ಹೊಳೆಯುತ್ತದೆ, ತುಕ್ಕಿಗೆ ಎಡೆಗೊಡುವುದಿಲ್ಲ. ಸಿಲಿಕಾನ್ ಕಾರ್ಬೈಡ್ ಆಧಾರಿತ ಕಾರ್ಬನ್ ಸೆರಾಮಿಕ್ ಡಿಸ್ಕು ತುಕ್ಕು ಹಿಡಿಯುವುದೇ ಇಲ್ಲ. ಪೋರ್ಷ 2001ರ ಹೊತ್ತಿಗೆ ಅದನ್ನು ರಸ್ತೆಯ ಕಾರುಗಳಿಗೆ ತಂದಿತ್ತು. ಅದರ ಬೆಲೆ ಇಂದಿಗೂ ಅದನ್ನು ದುಬಾರಿ ಕಾರುಗಳಿಗೆ ಸೀಮಿತವಾಗಿಸಿದೆ.

ಲೇಪನಗಳಿಗೆ ಈಗ ಬಂದಿರುವ ಒತ್ತು ತುಕ್ಕಿಗಿಂತ ಹೆಚ್ಚಾಗಿ ಬ್ರೇಕಿನ ಧೂಳಿನ ನಿಯಂತ್ರಣದಿಂದ. ಯೂರೋಪಿನ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಯೂರೋ 7 ನಿಯಮ ಮೊದಲ ಬಾರಿಗೆ ಬ್ರೇಕಿನಿಂದ ಹೊರಬೀಳುವ ಸೂಕ್ಷ್ಮ ಕಣಗಳಿಗೆ ಮಿತಿ ಹಾಕಿದೆ: ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಪ್ರತಿ ಕಿ.ಮೀ.ಗೆ 7 ಮಿಲಿಗ್ರಾಂ, ಪೂರ್ಣ ವಿದ್ಯುತ್ ಕಾರುಗಳಿಗೆ 3 ಮಿಲಿಗ್ರಾಂ. ಕಡಿಮೆ ಸವೆಯುವ ಗಡುಸು ಮೇಲ್ಮೈ ತುಕ್ಕನ್ನೂ ತಡೆಯುವುದರಿಂದ ಎರಡು ಉದ್ದೇಶಗಳೂ ಒಂದೇ ಲೇಪನದಲ್ಲಿ ಕೂಡಿವೆ. ಲೇಸರಿನಿಂದ ಲೋಹದ ಪುಡಿಯನ್ನು ಕರಗಿಸಿ ಎರಕದ ಡಿಸ್ಕಿನ ಮೇಲೆ ಹೊದಿಸುವ ವಿಧಾನವನ್ನು ಈ ಸಲುವಾಗಿ ಕಾರ್ಖಾನೆಯ ಮಟ್ಟಕ್ಕೆ ಬೆಳೆಸಲಾಗುತ್ತಿದೆ. ಇಂಥ ಡಿಸ್ಕುಗಳಿಗೆ ಹೊಂದುವ ಪ್ಯಾಡುಗಳೇ ಬೇರೆ. ಸ್ಕಿಮ್ಮಿಂಗ್ ಮಾಡಿದರೆ ಲೇಪನವೇ ಹೋಗುವುದರಿಂದ ಅವನ್ನು ಲೇತಿಗೆ ಕೊಡುವಂತಿಲ್ಲ. ಉಜ್ಜುಮುಖಕ್ಕಷ್ಟೇ ಈ ಹೊದಿಕೆ ಇರುವ ಡಿಸ್ಕುಗಳ ಗಾಳಿಕಿಂಡಿ ಮತ್ತು ಹಬ್ಬಿನ ಮುಖ ಹಳೆಯ ಬೀಡಿನವೇ ಆಗಿರುವುದರಿಂದ ಅಲ್ಲಿನ ತಪಾಸಣೆ ಮೊದಲಿನಂತೆಯೇ ನಡೆಯಬೇಕಾಗುತ್ತದೆ.